ಹಳೆಯ ನೋವನ್ನು ಇಳಿಸಿಡುವುದು ಹೇಗೆ: ಹೆಜ್ಜೆ ಹೆಜ್ಜೆಯಾಗಿ ಒಂದು ಮಾರ್ಗದರ್ಶಿ

"ಬಿಟ್ಟಾಕು, ಆಗಿದ್ದು ಆಗೋಯ್ತು" ಅನ್ನುವವರು ನಮ್ಮ ಸುತ್ತ ತುಂಬಾ ಜನ ಇದ್ದಾರೆ. ಹೇಗೆ ಬಿಡಬೇಕು ಅಂತ ಹೇಳಿಕೊಡುವವರು ಕಡಿಮೆ. ಮುರಿದುಬಿದ್ದ ಮದುವೆ, ದುಡ್ಡು ನುಂಗಿ ಹೋದ ಪಾರ್ಟ್ನರ್, ಚಿಕ್ಕಂದಿನಲ್ಲಿ ಬೆಲ್ಟ್ ತೆಗೆದುಕೊಂಡು ಹೊಡೆಯುತ್ತಿದ್ದ ಅಪ್ಪ, ಸೈಟಿನ ಭಾಗದಲ್ಲಿ ಕೈಕೊಟ್ಟ ಅಣ್ಣ, ಒಂದೇ ಮೇಲ್‌ನಲ್ಲಿ ಹೋದ ಕೆಲಸ. ನೋವು ಬೇರೆ ಬೇರೆ. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಅದೇ ಮಾತು, ಅದೇ ದೃಶ್ಯ ತಲೆಯಲ್ಲಿ ಓಡುವುದು ಮಾತ್ರ ಎಲ್ಲರಿಗೂ ಒಂದೇ.

ಬೆಂಗಳೂರಿನಲ್ಲಿ ಇದು ಇನ್ನೂ ಸ್ವಲ್ಪ ಕಷ್ಟ. ಹಾಸನದಿಂದಲೋ ಕಲಬುರಗಿಯಿಂದಲೋ ಬಂದು ಪಿಜಿಯಲ್ಲಿ ಇರುವವರಿಗೆ ಮನಸ್ಸು ಬಿಚ್ಚಿ ಮಾತಾಡಲು ಹತ್ತಿರದವರು ಇರುವುದಿಲ್ಲ. ಇಲ್ಲೇ ಹುಟ್ಟಿ ಬೆಳೆದವರಿಗೆ ಉಲ್ಟಾ ತೊಂದರೆ. ಪ್ರತಿ ನಾಮಕರಣ, ಗೃಹಪ್ರವೇಶದಲ್ಲೂ ಹಳೇ ಕಥೆಯೆಲ್ಲ ಗೊತ್ತಿರುವ ನೆಂಟರು ಎದುರಾಗುತ್ತಾರೆ.

ಇಲ್ಲಿ ಮರೆಯುವ ಉಪಾಯ ಏನೂ ಇಲ್ಲ. ನೆನಪು ಅಳಿಸಿಹೋಗುವುದಿಲ್ಲ. ನೆನಪು ಬಂದಾಗ ಅದು ಇಡೀ ದಿನವನ್ನು ನುಂಗಬಾರದು, ಅಷ್ಟೇ ಗುರಿ. ಇನ್ನೊಂದು ವಿಷಯ, ಹೆಜ್ಜೆಗಳ ಕ್ರಮ ತಪ್ಪಿಸಬೇಡಿ. ಸಾಕಷ್ಟು ಜನ ನೇರವಾಗಿ ಕ್ಷಮೆಗೆ ಕೈ ಹಾಕುತ್ತಾರೆ. ಮನಸ್ಸು ಒಪ್ಪುವುದಿಲ್ಲ. ಆಮೇಲೆ "ನನ್ನಿಂದ ಆಗಲ್ಲ" ಅಂತ ಕೈಚೆಲ್ಲುತ್ತಾರೆ. ಕ್ಷಮೆಯ ಮಾತು ತುಂಬಾ ಮುಂದೆ ಬರುತ್ತದೆ.

ಮೊದಲ ಹೆಜ್ಜೆ: ಅದು ನಿಜವಾಗಿ ಮುಗಿದಿದೆಯಾ?

ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಆದರೆ ಇದೇ ಎಲ್ಲಕ್ಕಿಂತ ಮುಖ್ಯ. ಗಂಡ ಈಗಲೂ ಕೈ ಎತ್ತುತ್ತಿದ್ದರೆ, ಮ್ಯಾನೇಜರ್ ಈಗಲೂ ಎಲ್ಲರ ಮುಂದೆ ಅವಮಾನ ಮಾಡುತ್ತಿದ್ದರೆ, ಅದು ಹಳೆಯ ನೋವಲ್ಲ. ಇವತ್ತಿನ ನೋವು. ಅಂಥವರಿಗೆ "ಹಿಂದಿನದನ್ನು ಬಿಟ್ಟುಬಿಡಿ" ಅನ್ನುವುದು ಸಹಿಸಿಕೊಂಡಿರಿ ಅಂದಹಾಗೆ. ಮೊದಲು ಸುರಕ್ಷತೆ. ತುರ್ತು ಇದ್ದರೆ 112. ಮಹಿಳೆಯರಿಗೆ 181 ಸಹಾಯವಾಣಿ ಇದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ರಕ್ಷಣಾ ಆದೇಶ ಕೇಳಬಹುದು, ವಾಸವಿರುವ ಮನೆಯಿಂದ ಹೊರಹಾಕದಂತೆ ಆದೇಶವನ್ನೂ ಕೇಳಬಹುದು.

ಕೆಲವು ವಿಷಯ ಅರ್ಧ ಮುಗಿದಿರುತ್ತದೆ. ಆಸ್ತಿ ಭಾಗದ ಕೇಸು ಕೋರ್ಟಿನಲ್ಲಿ ನಡೆಯುತ್ತಿದೆ, ಡಿವೋರ್ಸ್ ಇನ್ನೂ ಆಗಿಲ್ಲ, ಕೊಟ್ಟ ಸಾಲ ವಾಪಸ್ ಬಂದಿಲ್ಲ. ಇಲ್ಲಿ ವ್ಯವಹಾರವನ್ನೂ ಸಂಕಟವನ್ನೂ ಬೇರೆ ಮಾಡಿ. ಕೇಸಿನ ಕಾಗದ ಎಲ್ಲ ಒಂದೇ ಫೈಲಿನಲ್ಲಿ ಇರಲಿ. ವಾರದಲ್ಲಿ ಒಂದು ಗಂಟೆ ಅದಕ್ಕೆ ಇಡಿ. ವಕೀಲರ ಹತ್ತಿರ ಕೇಳಬೇಕಾದದ್ದನ್ನು ಬರೆದಿಟ್ಟುಕೊಂಡು ಆಗಲೇ ಕೇಳಿ. ಉಳಿದ ಹೊತ್ತಿನಲ್ಲಿ ಅಣ್ಣ ಹೀಗೆ ಮಾಡಬಹುದಿತ್ತಾ ಅಂತ ಎಷ್ಟು ಯೋಚಿಸಿದರೂ ಕೇಸು ಒಂದು ಇಂಚೂ ಮುಂದೆ ಹೋಗುವುದಿಲ್ಲ.

ಇದೇ ಹಂತದಲ್ಲಿ ಇನ್ನೊಂದು ತಪಾಸಣೆ ಮಾಡಿಕೊಳ್ಳಿ. ಆ ಘಟನೆ ಈಗಲೇ ಮತ್ತೆ ನಡೆಯುತ್ತಿದೆ ಅನ್ನುವಷ್ಟು ಸ್ಪಷ್ಟವಾಗಿ ಕಣ್ಣ ಮುಂದೆ ಬರುತ್ತದೆಯಾ? ಕೆಟ್ಟ ಕನಸು, ಸಣ್ಣ ಸದ್ದಿಗೂ ಬೆಚ್ಚಿಬೀಳುವುದು, ನೆನಪಾಗುವ ಜಾಗ, ಜನ ಎಲ್ಲದರಿಂದ ದೂರ ಓಡುವುದು ಒಂದು ತಿಂಗಳಿಗಿಂತ ಜಾಸ್ತಿ ನಡೆದಿದೆಯಾ? ಕುಡಿತ ಹೆಚ್ಚಾಗಿದೆಯಾ? ಬದುಕಿರುವುದೇ ಬೇಡ ಅನ್ನಿಸುತ್ತಿದೆಯಾ? ಇವುಗಳಲ್ಲಿ ಯಾವುದಕ್ಕಾದರೂ ಉತ್ತರ ಹೌದು ಅಂತಿದ್ದರೆ ಮುಂದಿನ ಹೆಜ್ಜೆಗಳನ್ನು ಒಬ್ಬರೇ ಮಾಡಬೇಡಿ. 14416ಕ್ಕೆ ಫೋನ್ ಮಾಡಿ. ಅದು ಕೇಂದ್ರ ಸರ್ಕಾರದ ಟೆಲಿ ಮನಸ್ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾಯಿತು. ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಎರಡನೇ ಹೆಜ್ಜೆ: ಮೊದಲು ದೇಹ ತಣ್ಣಗಾಗಲಿ

ಹಾಲು ಉಕ್ಕಿ ಬರುವಾಗ ಮೊದಲು ಉರಿ ಸಣ್ಣ ಮಾಡುತ್ತೇವೆ, ಆಮೇಲೆ ಸ್ಟವ್ ಒರೆಸುತ್ತೇವೆ ಅಲ್ವಾ? ಇಲ್ಲೂ ಅದೇ ಕ್ರಮ. ಹಳೆಯ ನೆನಪು ನುಗ್ಗಿದಾಗ ಎದೆ ಹೊಡೆದುಕೊಳ್ಳುತ್ತದೆ, ದವಡೆ ಬಿಗಿಯುತ್ತದೆ, ಹೊಟ್ಟೆ ಹಿಂಡುತ್ತದೆ. ಆ ಸ್ಥಿತಿಯಲ್ಲಿ ಮನಸ್ಸಿಗೆ ಬುದ್ಧಿ ಹೇಳಿ ಪ್ರಯೋಜನ ಇಲ್ಲ.

ಉಸಿರು ನಿಧಾನ ಮಾಡಿ. ನಾಲ್ಕು ಎಣಿಸುವಷ್ಟು ಹೊತ್ತು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ. ನಿಮಿಷಕ್ಕೆ ಸುಮಾರು ಆರು ಉಸಿರು ಆಗುತ್ತದೆ. ಉಸಿರು ಬಿಡುವುದು ಉದ್ದ ಆದಾಗ ಹೃದಯದ ಬಡಿತ ಇಳಿಯುತ್ತದೆ. ಐದು ನಿಮಿಷ ಸಾಕು. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಬಿಎಂಟಿಸಿ ಬಸ್ಸು ನಿಂತಾಗಲೂ ಮಾಡಬಹುದು, ಪಕ್ಕದವರಿಗೆ ಗೊತ್ತೂ ಆಗುವುದಿಲ್ಲ. ಉಸಿರಿನ ಕಡೆ ಗಮನ ಕೊಟ್ಟರೆ ಇನ್ನೂ ಗಾಬರಿ ಆಗುತ್ತದೆ ಅನ್ನುವವರು ಸುತ್ತ ಕಾಣುವ ಐದು ವಸ್ತುಗಳ ಹೆಸರು ಹೇಳಿಕೊಳ್ಳಿ: ಕಂಡಕ್ಟರ್ ಬ್ಯಾಗು, ನೀಲಿ ಸೀಟು, ಕಿಟಕಿಯ ಸರಳು, ಹೂವಿನ ಬುಟ್ಟಿ, ಎದುರಿನ ಆಟೋ. ನೀವು ಇವತ್ತಿನ ಬಸ್ಸಿನಲ್ಲಿದ್ದೀರಿ ಅಂತ ಮಿದುಳಿಗೆ ಗೊತ್ತಾಗಲಿ, ಅಷ್ಟೇ.

ಇದರ ಜೊತೆಗೆ ನಿದ್ದೆ. ರಾತ್ರಿ ಎಷ್ಟು ಹೊತ್ತಿಗೆ ಮಲಗಿದರೂ ಬೆಳಿಗ್ಗೆ ಒಂದೇ ಹೊತ್ತಿಗೆ ಏಳಿ. ಬೆಳಿಗ್ಗೆ ಅರ್ಧ ಗಂಟೆ ನಡೆಯಿರಿ, ಲಾಲ್‌ಬಾಗ್ ಆಗಲಿ ಮನೆ ಹಿಂದಿನ ಪಾರ್ಕ್ ಆಗಲಿ. ನಿದ್ದೆಗೆ ಅಂತ ಕುಡಿಯಬೇಡಿ. ಮದ್ಯ ಬೇಗ ಮಲಗಿಸುತ್ತದೆ, ನಡುರಾತ್ರಿ ಎಬ್ಬಿಸುತ್ತದೆ.

ಮೂರನೇ ಹೆಜ್ಜೆ: ಯೋಚನೆಗೆ ಒಂದು ಹೊತ್ತು ಗೊತ್ತು ಮಾಡಿ

"ಅದರ ಬಗ್ಗೆ ಯೋಚನೆ ಮಾಡ್ಬಾರ್ದು" ಅಂತ ಹಠ ಹಿಡಿದರೆ ಕೆಲಸ ಕೆಡುತ್ತದೆ. 1987ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ವಿದ್ಯಾರ್ಥಿಗಳಿಗೆ ಐದು ನಿಮಿಷ ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ ಅಂದರು. ಯೋಚನೆ ಬಂದಾಗಲೆಲ್ಲ ಗಂಟೆ ಬಾರಿಸಬೇಕಿತ್ತು. ಗಂಟೆ ಹೊಡೆಯುತ್ತಲೇ ಇತ್ತು. ಆಮೇಲೆ ಈಗ ಬೇಕಾದರೆ ಯೋಚಿಸಿ ಅಂದಾಗ, ಮೊದಲು ತಡೆಹಿಡಿದವರ ತಲೆಗೆ ಕರಡಿ ಇನ್ನೂ ಜಾಸ್ತಿ ಬಂತು. ಬಿಟ್ಟುಹೋದ ಹುಡುಗನ ಮುಖವೂ ಹಾಗೇ ಬರುತ್ತದೆ.

ಅದಕ್ಕೆ ತಡೆಯಬೇಡಿ, ಮುಂದೂಡಿ. ಸಂಜೆ ಆರೂವರೆಯಿಂದ ಏಳು ಅಂತ ಇಟ್ಟುಕೊಳ್ಳಿ. ಒಂದೇ ಜಾಗ, ಒಂದೇ ಕುರ್ಚಿ. ಹಾಸಿಗೆ ಬೇಡ. ಹಗಲಿನಲ್ಲಿ ಆ ಯೋಚನೆ ಬಂದರೆ ಒಂದು ಚೀಟಿಯಲ್ಲಿ ಎರಡು ಪದ ಗೀಚಿ, "ಸಂಜೆ ನೋಡೋಣ" ಅಂತ ಕೆಲಸಕ್ಕೆ ವಾಪಸ್ ಬನ್ನಿ. ಆರೂವರೆಗೆ ಕೂತು ಚೀಟಿ ತೆಗೆದು ಯೋಚಿಸಿ. ಏಳಕ್ಕೆ ಎದ್ದುಬಿಡಿ, ತರಕಾರಿ ಹೆಚ್ಚಿ, ಬಟ್ಟೆ ಮಡಚಿ. 1983ರಲ್ಲಿ ಮನಶ್ಶಾಸ್ತ್ರಜ್ಞ ಥಾಮಸ್ ಬೊರ್ಕೊವೆಕ್ ಮತ್ತು ಸಂಗಡಿಗರು ವಿಪರೀತ ಚಿಂತೆ ಮಾಡುವವರ ಮೇಲೆ ಈ ಅರ್ಧ ಗಂಟೆಯ ವಿಧಾನವನ್ನು ಪರೀಕ್ಷಿಸಿದರು, ಚಿಂತೆ ಕಡಿಮೆಯಾಯಿತು. ಮೊದಲ ಕೆಲವು ದಿನ ಕಷ್ಟ. ಆಮೇಲೆ ಕೆಲವು ಸಂಜೆ ಚೀಟಿ ನೋಡಿದರೆ "ಇದೇನಾ?" ಅನ್ನಿಸುತ್ತದೆ.

ಆ ಅರ್ಧ ಗಂಟೆಯಲ್ಲೂ ಒಂದು ಎಚ್ಚರ. "ನನಗೇ ಯಾಕೆ ಹೀಗಾಯ್ತು?" ಅನ್ನುವ ಪ್ರಶ್ನೆಗೆ ಕೊನೆ ಇಲ್ಲ. ಹತ್ತು ನಿಮಿಷ ಆದರೂ ಹೊಸ ವಿಷಯ ಒಂದೂ ಹೊಳೆದಿಲ್ಲ ಅಂದರೆ ನೀವು ಬರೀ ಮೆಲುಕು ಹಾಕುತ್ತಿದ್ದೀರಿ. ಆಗ ಪ್ರಶ್ನೆ ಬದಲಾಯಿಸಿ: "ಈ ವಾರ ಇದರ ಬಗ್ಗೆ ನಾನು ಮಾಡಬಹುದಾದ ಒಂದು ಕೆಲಸ ಏನು?"

ನಾಲ್ಕನೇ ಹೆಜ್ಜೆ: ನಾಲ್ಕು ದಿನ ಬರೆಯುವುದು

ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ಅನ್ನುವ ಸಂಶೋಧಕರು 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳು ತಮ್ಮ ಜೀವನದ ದೊಡ್ಡ ನೋವಿನ ಬಗ್ಗೆ ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ಬರೆದರು. ಬರೆದ ಕೂಡಲೇ ಮನಸ್ಸು ಭಾರವಾಯಿತು. ಆದರೆ ಘಟನೆಯನ್ನೂ ಭಾವನೆಯನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಕಾಯಿಲೆ ಅಂತ ಡಾಕ್ಟರ ಹತ್ತಿರ ಹೋಗಿದ್ದು ಕಡಿಮೆ. ಆಮೇಲೆ ಇಂಥ ಅಧ್ಯಯನ ನೂರಾರು ಆಗಿವೆ. ಎಲ್ಲರಿಗೂ ಒಂದೇ ಥರ ಫಲ ಸಿಗುವುದಿಲ್ಲ, ಸಿಗುವ ಫಲವೂ ದೊಡ್ಡದೇನಲ್ಲ. ಆದರೂ ಖರ್ಚಿಲ್ಲದೆ, ಮನೆಯಲ್ಲೇ ಮಾಡಬಹುದಾದ ಇಂಥ ಕೆಲಸ ಬೇರೆ ಕಡಿಮೆ. ಅದಕ್ಕೇ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊಬೈಲಿನಲ್ಲಿ ಬೇಡ, ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮಲಗುವ ಮುಂಚೆ ಬೇಡ. ಕಾಗುಣಿತ, ವ್ಯಾಕರಣ ಯಾವುದನ್ನೂ ನೋಡಬೇಡಿ. ಬರೆಯುತ್ತಾ ತಡೆಯಲಾಗದಷ್ಟು ಸಂಕಟ ಆದರೆ ಅಲ್ಲಿಗೇ ನಿಲ್ಲಿಸಿ. ಘಟನೆ ನಡೆದು ಇನ್ನೂ ಕೆಲವೇ ವಾರ ಆಗಿದ್ದರೆ ಈ ಹೆಜ್ಜೆಗೆ ಆತುರ ಬೇಡ. ನಾಲ್ಕು ದಿನಕ್ಕೆ ಬೇರೆ ಬೇರೆ ವಿಷಯ ಇಟ್ಟುಕೊಂಡರೆ ಸುಲಭ ಅಂತ ನನ್ನ ಅಭಿಪ್ರಾಯ.

ಮೊದಲ ದಿನ, ಏನಾಯಿತು ಅನ್ನುವುದು. ಎರಡನೇ ದಿನ, ಏನೇನು ಕಳೆದುಹೋಯಿತು ಅನ್ನುವುದು. ಹೀಗೆ ಇಟ್ಟುಕೊಳ್ಳಿ: ಮಲ್ಲೇಶ್ವರದಲ್ಲಿ ಛತ್ರ ಬುಕ್ ಆಗಿದೆ, ಲಗ್ನಪತ್ರಿಕೆ ಹಂಚಿಯಾಗಿದೆ, ಆಗ ಹುಡುಗನ ಕಡೆಯವರು ಮದುವೆ ಬೇಡ ಅಂದರು. ಆ ಹುಡುಗಿ ಎರಡನೇ ದಿನ ಬರೆಯುವ ಪುಟ ಹೀಗಿರಬಹುದು:

"ಅವನು ಹೋದ. ಅದು ಒಂದು. ವಿಜಯನಗರದಲ್ಲಿ ನೋಡಿಟ್ಟಿದ್ದ ಬಾಡಿಗೆ ಮನೆ ಹೋಯ್ತು, ಅದರ ಬಾಲ್ಕನಿಯಲ್ಲಿ ತುಳಸಿ ಇಡಬೇಕು ಅಂದುಕೊಂಡಿದ್ದೆ. ಅಮ್ಮ ಒಂದು ವರ್ಷ ಯಾವ ಫಂಕ್ಷನ್‌ಗೂ ಹೋಗಲಿಲ್ಲ. ಅಪ್ಪ ಛತ್ರದ ಅಡ್ವಾನ್ಸ್ ಕೇಳೋಕೆ ಒಬ್ಬರೇ ಹೋದರು. ಎಲ್ಲಕ್ಕಿಂತ ಜಾಸ್ತಿ, ಜನರನ್ನ ನೋಡಿದ ಕೂಡಲೇ ಅರ್ಥ ಮಾಡ್ಕೋತೀನಿ ಅನ್ನೋ ನನ್ನ ಧೈರ್ಯ ಹೋಯ್ತು."

ಕೊನೆಯ ಸಾಲು ನೋಡಿ. ಇಷ್ಟು ದಿನ ಅವಳು ಹುಡುಗನನ್ನು ಮರೆಯಲು ಒದ್ದಾಡುತ್ತಿದ್ದಳು. ನಿಜವಾಗಿ ನೋಯುತ್ತಿದ್ದದ್ದು ತನ್ನ ಮೇಲಿನ ನಂಬಿಕೆ ಹೋದದ್ದು. ಹುಡುಗ ವಾಪಸ್ ಬಂದರೂ ಅದು ಸಿಗುವುದಿಲ್ಲ. ಅದನ್ನು ಕಟ್ಟಿಕೊಳ್ಳುವ ದಾರಿಯೇ ಬೇರೆ: ಸಣ್ಣ ಸಣ್ಣ ನಿರ್ಧಾರ ತಾನೇ ಮಾಡುವುದು, ಸರಿಹೋದದ್ದನ್ನು ಗಮನಿಸುವುದು. ಪಟ್ಟಿ ಮಾಡಿದರೆ ಏನು ಕಳೆದಿದೆ, ಯಾವುದನ್ನು ಮತ್ತೆ ಕಟ್ಟಬಹುದು, ಯಾವುದಕ್ಕೆ ಅತ್ತು ಮುಗಿಸಬೇಕು ಅನ್ನುವುದು ಕಾಣುತ್ತದೆ.

ಮೂರನೇ ದಿನ, ಯಾರ ತಪ್ಪು ಎಷ್ಟು. ನನ್ನದು, ಅವರದು, ಯಾರದ್ದೂ ಅಲ್ಲದ್ದು, ಮೂರನ್ನೂ ಬೇರೆ ಬೇರೆ ಬರೆಯಿರಿ. ಆಗ ನೀವು ಚಿಕ್ಕ ಮಗುವಾಗಿದ್ದರೆ ನಿಮ್ಮ ಪಾಲು ಸೊನ್ನೆ. ಇದರಲ್ಲಿ ಚರ್ಚೆಯೇ ಇಲ್ಲ. ಎಂಟು ವರ್ಷದ ಮಗು ಏನು ಮಾಡಿದ್ದರೂ ಬೆಲ್ಟಿನ ಏಟಿಗೆ ಅದು ಕಾರಣ ಅಲ್ಲ. ದೊಡ್ಡವರಾಗಿ ನಿಜವಾಗಿ ತಪ್ಪು ಮಾಡಿದ್ದರೆ ಬರೀ ಕೊರಗುವುದರಿಂದ ತೀರುವುದಿಲ್ಲ. ಕ್ಷಮೆ ಕೇಳಬಹುದಾದರೆ ಕೇಳಿ, ದುಡ್ಡು ಕೊಡಬೇಕಿದ್ದರೆ ಕಂತಿನಲ್ಲಾದರೂ ಕೊಡಿ. ಸರಿಪಡಿಸುವ ಕೆಲಸ ಶುರುವಾದ ಮೇಲೆ ಅಪರಾಧಿ ಭಾವ ತಾನಾಗಿ ಸಣ್ಣದಾಗುತ್ತದೆ.

ನಾಲ್ಕನೇ ದಿನ, ಅದೇ ಕಥೆಯನ್ನು ಬೇರೆಯವರ ಕಥೆಯ ಹಾಗೆ ಬರೆಯಿರಿ. "ನಾನು" ಅನ್ನುವ ಕಡೆ "ಅವಳು", "ಅವನು". ಈಥನ್ ಕ್ರಾಸ್, ಓಜ್ಲೆಮ್ ಐಡುಕ್ ಅನ್ನುವ ಸಂಶೋಧಕರು ಹೀಗೆ ದೂರ ನಿಂತು ನೋಡುವುದರ ಬಗ್ಗೆ 2005ರಿಂದ ಕೆಲಸ ಪ್ರಕಟಿಸುತ್ತಾ ಬಂದಿದ್ದಾರೆ. ದೂರದಿಂದ ನೋಡಿದಾಗ ಸಿಟ್ಟು, ಸಂಕಟದ ಉರಿ ಕಡಿಮೆಯಾಗುತ್ತದೆ. ಗೆಳತಿಗೆ ಹೇಳುವ ಸಮಾಧಾನದ ಮಾತು ಆಗ ನಮಗೂ ಹೊಳೆಯುತ್ತದೆ.

ಬರೆದ ಪುಟ ಹರಿದು ಹಾಕಿ ಅಥವಾ ಬೀರುವಿನಲ್ಲಿ ಇಡಿ. ಫೋಟೊ ತೆಗೆದು ಆ ವ್ಯಕ್ತಿಗೆ ವಾಟ್ಸಾಪ್ ಮಾತ್ರ ಮಾಡಬೇಡಿ. ನೀಲಿ ಟಿಕ್ ಬಂತಾ ಅಂತ ಕಾಯುತ್ತಾ ಕೂತರೆ ಮತ್ತೆ ಮೊದಲಿನಿಂದ ಶುರು.

ಐದನೇ ಹೆಜ್ಜೆ: ಆ ವ್ಯಕ್ತಿಯ ಜೊತೆ ಎಷ್ಟು ದೂರ?

ಕ್ಷಮೆಯ ಮಾತು ಈಗ. "ಹೋಗ್ಲಿ ಬಿಡು, ಸ್ವಂತ ಅಣ್ಣ ತಾನೇ" ಅನ್ನುವ ದೊಡ್ಡವರ ಒತ್ತಾಯ ನಮ್ಮಲ್ಲಿ ತುಂಬಾ. ಕ್ಷಮೆಯ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿದ ರಾಬರ್ಟ್ ಎನ್‌ರೈಟ್, ಎವರೆಟ್ ವರ್ತಿಂಗ್ಟನ್ ಅವರೇ ಕ್ಷಮಿಸುವುದು ಬೇರೆ, ಮತ್ತೆ ಒಂದಾಗುವುದು ಬೇರೆ ಅನ್ನುತ್ತಾರೆ. ಕ್ಷಮಿಸಿಯೂ ದೂರ ಇರಬಹುದು. ಕ್ಷಮಿಸದೆಯೂ ನೆಮ್ಮದಿಯಾಗಿ ಬದುಕುವವರಿದ್ದಾರೆ. ಬಲವಂತದ ಕ್ಷಮೆ ನನಗಂತೂ ಒಪ್ಪಿಗೆ ಇಲ್ಲ, ಅದರಲ್ಲೂ ತಪ್ಪು ಮಾಡಿದವರು ಇನ್ನೂ ಒಪ್ಪಿಕೊಂಡೇ ಇಲ್ಲದಿರುವಾಗ.

ಈಗ ನಿರ್ಧಾರ ಮಾಡಬೇಕಾದದ್ದು ದೂರವನ್ನು. ಮನೆಗೆ ಕರೆಯುತ್ತೀರಾ? ಮದುವೆ ಮನೆಯಲ್ಲಿ ಕಂಡರೆ ನಮಸ್ಕಾರ ಹೇಳುತ್ತೀರಾ? ಫೋನ್ ಬಂದರೆ ಎತ್ತುತ್ತೀರಾ? ಮೊದಲೇ ತೀರ್ಮಾನ ಮಾಡಿದ್ದರೆ ಎದುರಾದಾಗ ಮನಸ್ಸು ಅಲ್ಲಾಡುವುದು ಕಡಿಮೆ. ಕೆದಕುವ ನೆಂಟರಿಗೂ ಒಂದು ಸಿದ್ಧ ಮಾತು ಇರಲಿ. ಬಫೆ ಸಾಲಿನಲ್ಲಿ ದೊಡ್ಡಮ್ಮ "ಏನಮ್ಮಾ, ಆ ಹುಡುಗನ ಕಡೆಯಿಂದ ಮತ್ತೆ ಏನಾದ್ರೂ ಸುದ್ದಿ ಬಂತಾ?" ಅಂದರೆ, "ಇಲ್ಲ ದೊಡ್ಡಮ್ಮ, ಅದೆಲ್ಲ ಮುಗೀತು. ನಿಮ್ಮ ಮಂಡಿನೋವು ಹೇಗಿದೆ?" ಅಷ್ಟು ಸಾಕು. ವಿವರಣೆ ಕೊಡಲು ಹೋದರೆ ಇನ್ನೂ ನಾಲ್ಕು ಪ್ರಶ್ನೆ ಬರುತ್ತವೆ.

ಆರನೇ ಹೆಜ್ಜೆ: ಫೋನು ಮತ್ತು ಊರು

ಗೂಗಲ್ ಫೋಟೋಸ್ ಬೆಳಿಗ್ಗೆ ಬೆಳಿಗ್ಗೆ "ಮೂರು ವರ್ಷದ ಹಿಂದೆ" ಅಂತ ಅದೇ ಮುಖ ತೋರಿಸುತ್ತದೆ. ಅದರ ಮೆಮೊರೀಸ್ ಸೆಟ್ಟಿಂಗ್‌ನಲ್ಲಿ ಒಬ್ಬ ವ್ಯಕ್ತಿಯನ್ನು ಅಥವಾ ಕೆಲವು ದಿನಾಂಕಗಳನ್ನು ಮರೆಮಾಡಬಹುದು. ಫೋಟೊ ಡಿಲೀಟ್ ಮಾಡುವ ಅಗತ್ಯ ಇಲ್ಲ. ವಾಟ್ಸಾಪ್ ಚಾಟ್ ಆರ್ಕೈವ್‌ಗೆ ಹಾಕಿ. ಅವರ ಸ್ಟೇಟಸ್ ಮ್ಯೂಟ್ ಮಾಡಿ. ಇನ್‌ಸ್ಟಾಗ್ರಾಮ್‌ನಲ್ಲಿ ಹೋಗಿ "ಸುಮ್ನೆ ಒಂದ್ಸಲ" ನೋಡುವ ಚಟ ಇದ್ದರೆ ಬ್ಲಾಕ್ ಮಾಡುವುದೇ ಒಳ್ಳೆಯದು.

ಊರಿನ ವಿಷಯ ಇದಕ್ಕೆ ಉಲ್ಟಾ. ಹಳೆಯ ನೆನಪು ತರುವ ಜಾಗ, ಉದಾಹರಣೆಗೆ ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್, ಅದರ ಕಡೆ ಹೋಗುವುದನ್ನು ಬಿಟ್ಟರೆ ಇವತ್ತು ಸಮಾಧಾನ. ಆದರೆ ನಾಳೆ ಜಯನಗರವೇ ಬೇಡವಾಗುತ್ತದೆ, ನಾಡಿದ್ದು ಬನಶಂಕರಿ ಕಡೆಯ ಬಸ್ಸೂ ಬೇಡವಾಗುತ್ತದೆ. ತಪ್ಪಿಸಿಕೊಂಡಷ್ಟೂ ಭಯ ಹರಡುತ್ತದೆ. ಅದಕ್ಕೆ ಸ್ವಲ್ಪ ಸ್ವಲ್ಪವಾಗಿ ಹೋಗಿ. ಮೊದಲ ಸಲ ಜನ ಕಡಿಮೆ ಇರುವ ಬೆಳಿಗ್ಗೆ, ಒಬ್ಬ ಸ್ನೇಹಿತರ ಜೊತೆ. ಎದೆ ಹೊಡೆದುಕೊಂಡರೆ ಕೂಡಲೇ ಆಟೋ ಹತ್ತಬೇಡಿ. ಅಲ್ಲೇ ಕೂತು ಉಸಿರು ನಿಧಾನ ಮಾಡಿ, ಗಾಬರಿ ಇಳಿದ ಮೇಲೆ ಹೊರಡಿ. ಮುಂದಿನ ಸಲ ಒಬ್ಬರೇ ಹೋಗಿ, ಏನಾದರೂ ಹೊಸದೊಂದು ಕೆಲಸ ಇಟ್ಟುಕೊಂಡು: ಅಮ್ಮನಿಗೆ ಸೀರೆ ಫಾಲ್ಸ್ ತರುವುದು, ಚಪ್ಪಲಿ ಕೊಳ್ಳುವುದು. ಕೆಲವು ಸಲ ಹೋದ ಮೇಲೆ ಅದು ಚಪ್ಪಲಿ ಕೊಂಡ ಜಾಗವೂ ಆಗುತ್ತದೆ. ಆದರೆ ದೌರ್ಜನ್ಯ, ಅಪಘಾತ ನಡೆದ ಜಾಗ ಆಗಿದ್ದರೆ ಅಥವಾ ಆ ವ್ಯಕ್ತಿಯಿಂದ ಈಗಲೂ ಅಪಾಯ ಇದ್ದರೆ ಇದನ್ನು ನೀವೇ ಮಾಡಬೇಡಿ.

ಖಾಲಿಯಾದ ಹೊತ್ತನ್ನೂ ತುಂಬಬೇಕು. ಮನಸ್ಸು ಬರಲಿ ಆಮೇಲೆ ಹೋಗೋಣ ಅಂದರೆ ಮನಸ್ಸು ಬರುವುದೇ ಇಲ್ಲ. ಮೊದಲು ಹೋಗಬೇಕು. ಜೆ.ಪಿ. ನಗರದ ರಂಗಶಂಕರದಲ್ಲಿ ಒಂದು ನಾಟಕ, ಕಾರ್ತಿಕದಲ್ಲಿ ಬಸವನಗುಡಿಯ ಕಡಲೆಕಾಯಿ ಪರಿಷೆ, ಭಾನುವಾರ ಕಬ್ಬನ್ ಪಾರ್ಕ್. ವಾರಕ್ಕೆ ಒಂದು ಸಾಕು.

ತೀರಿಹೋದವರ ವಿಷಯ ಬೇರೆ

ಅಪ್ಪ, ಅಮ್ಮ, ಗಂಡ, ಮಗು ತೀರಿಹೋದ ದುಃಖಕ್ಕೆ ಮೇಲಿನ ಎಲ್ಲವೂ ಅನ್ವಯಿಸುವುದಿಲ್ಲ. ಅವರನ್ನು ಯಾರೂ ಬಿಡಬೇಕಿಲ್ಲ. ತಿಥಿ, ವರ್ಷಾಬ್ದಿಕದ ದಿನ ಅವರ ಹೆಸರು ಹೇಳಿ, ಅವರಿಗೆ ಇಷ್ಟವಾದ ಅಡುಗೆ ಮಾಡಿ ನಾಲ್ಕು ಜನರ ಜೊತೆ ಊಟ ಮಾಡುವುದು ಒಳ್ಳೆಯದೇ. ಆದರೆ ಆರು ತಿಂಗಳು, ಒಂದು ವರ್ಷ ಕಳೆದರೂ ದುಃಖ ಮೊದಲ ವಾರದಷ್ಟೇ ತೀವ್ರವಾಗಿದ್ದು, ಊಟ, ಕೆಲಸ, ಮಕ್ಕಳ ಕಡೆ ಗಮನ ಯಾವುದೂ ಸಾಧ್ಯವಾಗದೆ ಇದ್ದರೆ ಅದಕ್ಕೂ ಚಿಕಿತ್ಸೆ ಇದೆ.

ಯಾರ ಹತ್ತಿರ ಹೋಗಬೇಕು?

"ನಿಮ್ಹಾನ್ಸ್‌ಗೆ ಹೋದ್ರೆ ಹುಚ್ಚು ಅಂತಾರೆ" ಅನ್ನುವ ಹೆದರಿಕೆ ಈ ಊರಿನಲ್ಲಿ ಇನ್ನೂ ಇದೆ. ಆ ಹೆದರಿಕೆಯಿಂದ ವರ್ಷಗಟ್ಟಲೆ ಒಳಗೊಳಗೇ ನವೆಯುವವರನ್ನು ನೋಡಿದರೆ ಬೇಸರವಾಗುತ್ತದೆ. ಹೊಸೂರು ರಸ್ತೆಯ ನಿಮ್ಹಾನ್ಸ್ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನದ ರಾಷ್ಟ್ರೀಯ ಸಂಸ್ಥೆ, 1974ರಲ್ಲಿ ಈ ರೂಪಕ್ಕೆ ಬಂತು. ದೇಶದ ನಾನಾ ಕಡೆಯಿಂದ ಜನ ಅಲ್ಲಿಗೆ ಬರುತ್ತಾರೆ, ನಮಗೆ ಅದು ಬಸ್ಸಿನ ದೂರದಲ್ಲಿದೆ. ದೊಡ್ಡ ಆಸ್ಪತ್ರೆಗೆ ಹೋಗಲು ಮುಜುಗರ ಆದರೆ ಅವರದೇ ಕ್ಷೇಮ ಕೇಂದ್ರ ಬಿಟಿಎಂ ಲೇಔಟ್‌ನಲ್ಲಿದೆ.

ಖಾಸಗಿಯಾಗಿ ಹೋಗುವುದಾದರೆ ಓದು ಏನು ಅಂತ ಧೈರ್ಯವಾಗಿ ಕೇಳಿ. ಸೈಕಿಯಾಟ್ರಿಸ್ಟ್ ಅಂದರೆ ಎಂಬಿಬಿಎಸ್ ಮೇಲೆ ಮನೋವೈದ್ಯಶಾಸ್ತ್ರ ಓದಿದ ಡಾಕ್ಟರು, ಮಾತ್ರೆ ಬರೆಯುವವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತಿನ ಚಿಕಿತ್ಸೆ ಮಾಡುವವರು, ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಅವರಿಗೆ ಇರಬೇಕು. ಬರೀ ಕೌನ್ಸೆಲರ್ ಅನ್ನುವ ಬೋರ್ಡು ನೋಡಿ ನಂಬಬೇಡಿ. ಆಘಾತದ ನೆನಪಿಗೆ ಅಂತಲೇ ರೂಪಿಸಿದ ಸಿಬಿಟಿ (ಯೋಚನೆ, ನಡವಳಿಕೆ ಬದಲಾಯಿಸುವ ಮಾತಿನ ಚಿಕಿತ್ಸೆ) ಮತ್ತು ಇಎಂಡಿಆರ್ (ನೆನಪಿನ ಜೊತೆ ಕಣ್ಣಿನ ಚಲನೆ ಬಳಸುವ ವಿಧಾನ) ಅನ್ನುವ ಚಿಕಿತ್ಸೆಗಳಿವೆ, ಅದರಲ್ಲಿ ಅನುಭವ ಇದೆಯಾ ಅಂತಲೂ ಕೇಳಿ. ನಿಮ್ಮ ವಿಷಯ ಗುಟ್ಟಾಗಿಡುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಮಗೆ ಕೊಟ್ಟಿರುವ ಹಕ್ಕು. ಆಫೀಸಿಗೋ ಭಾವಿ ಬೀಗರಿಗೋ ಅವರು ಸುಮ್ಮನೆ ಹೇಳುವಂತಿಲ್ಲ.

ಮೊದಲ ಸಲ ಹೋದಾಗ ಎಲ್ಲವನ್ನೂ ಹೇಳಬೇಕಿಲ್ಲ. "ಎರಡು ವರ್ಷದ ಹಿಂದೆ ಒಂದು ಘಟನೆ ಆಯ್ತು, ಈಗಲೂ ನಿದ್ದೆ ಬರ್ತಿಲ್ಲ, ಕೆಲಸ ಮಾಡೋಕೆ ಆಗ್ತಿಲ್ಲ" ಅಂದರೆ ಸಾಕು, ಮಿಕ್ಕಿದ್ದನ್ನು ಅವರೇ ನಿಧಾನವಾಗಿ ಕೇಳುತ್ತಾರೆ.

ಮನೆಯವರಿಗೆ

ನಿಮ್ಮ ಮಗಳೋ ತಮ್ಮನೋ ಈ ಹಾದಿಯಲ್ಲಿದ್ದರೆ ಒಂದಿಷ್ಟು ಗಮನಿಸಿ. ತಿಂಗಳುಗಟ್ಟಲೆ ಚೆನ್ನಾಗಿದ್ದವರು ಒಂದು ದಿನ ಮತ್ತೆ ಕುಸಿಯಬಹುದು. ಮದುವೆ ಆಗಬೇಕಿದ್ದ ತಾರೀಖು, ಕೆಲಸ ಹೋದ ತಿಂಗಳು, ಯಾವುದೋ ಹಾಡು, ಇಂಥದ್ದೇ ಕಾರಣ ಇರುತ್ತದೆ. "ಮತ್ತೆ ಶುರುವಾಯ್ತಾ ನಿಂದು?" ಅನ್ನಬೇಡಿ. ಅದು ಸೋಲು ಅಲ್ಲ, ಕೆಲವು ದಿನ ಎರಡನೇ ಹೆಜ್ಜೆಗೆ ವಾಪಸ್ ಹೋದರೆ ಆಯಿತು. ಅಂಥ ತಾರೀಖು ಬರುವ ವಾರ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು, ಆ ವಾರ ಮನೆಗೆ ನೆಂಟರನ್ನು ಕರೆಯಬೇಡಿ, ಹೊಸ ಸಂಬಂಧದ ಮಾತು ತೆಗೆಯಬೇಡಿ. ನಿಮಗೆ ತಿಳಿದ ಇನ್ನೂ ದೊಡ್ಡ ಕಷ್ಟದವರ ಕಥೆ ಹೇಳಬೇಡಿ. "ಇವತ್ತು ಹೇಗಿದ್ದೀಯ?" ಅಂತ ಕೇಳಿ, ಅವರು ಹೇಳುವಷ್ಟು ಹೊತ್ತು ಟಿವಿ ಆಫ್ ಮಾಡಿ ಕೂತು ಕೇಳಿ. ಸಾಯುವ ಮಾತು ಬಂದರೆ ಮಾತ್ರ ತಮಾಷೆ ಅಂದುಕೊಳ್ಳಬೇಡಿ. ಒಬ್ಬರನ್ನೇ ಬಿಡಬೇಡಿ, ಮನೆಯಲ್ಲಿರುವ ಮಾತ್ರೆ, ಕ್ರಿಮಿನಾಶಕ ಎತ್ತಿಡಿ, ಅದೇ ದಿನ ಡಾಕ್ಟರ ಹತ್ತಿರ ಜೊತೆಗೆ ಹೋಗಿ.